ಚದರಡಿಯ ಲೆಕ್ಕ, ನೀರಿನ ಲೆಕ್ಕ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾರ್ಷಿಕ ಸಭೆಯಲ್ಲಿ ದನಿ ಏರುವುದು ಹೆಚ್ಚಾಗಿ ಮೇಂಟೆನೆನ್ಸ್ ವಿಷಯಕ್ಕೇ. ಚದರಡಿಗೆ ಮೂರೂವರೆ ರೂಪಾಯಿ ಎಂದಾದರೆ 1,200 ಚದರಡಿಯ ಮನೆಗೆ ತಿಂಗಳಿಗೆ 4,200 ರೂಪಾಯಿ, 2,000 ಚದರಡಿಯ ಮನೆಗೆ 7,000. ಲಿಫ್ಟು, ಸೆಕ್ಯುರಿಟಿ, ಗೇಟು ಇಬ್ಬರಿಗೂ ಒಂದೇ ಅಲ್ಲವೇ ಎಂಬುದು ದೊಡ್ಡ ಮನೆಯವರ ತಕರಾರು.

ಕಾನೂನು ಅವರ ಪರವಾಗಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಸಾಮಾನ್ಯ ಆಸ್ತಿಯಲ್ಲಿ ಯಾರಿಗೆ ಎಷ್ಟು ಅವಿಭಜಿತ ಪಾಲಿದೆಯೋ ಖರ್ಚೂ ಅಷ್ಟೇ. ಪಾಲು ಹೆಚ್ಚಿದ್ದವರು ಕಟ್ಟಡದ ಬಣ್ಣಕ್ಕೆ, ಟೆರೇಸಿನ ದುರಸ್ತಿಗೆ ಹೆಚ್ಚು ಕೊಡುವುದು ನ್ಯಾಯವೇ.

ನ್ಯಾಯ ತಪ್ಪುವುದು ನೀರಿನಲ್ಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಆ ಬಿಲ್ಲನ್ನೂ ಚದರಡಿ ಲೆಕ್ಕದಲ್ಲಿ ಹಂಚಿದರೆ, ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ನಿವೃತ್ತರು ಪಕ್ಕದ ಆರು ಜನರ ಸ್ನಾನಕ್ಕೂ ದುಡ್ಡು ಕೊಟ್ಟಂತಾಗುತ್ತದೆ. ಪ್ರತಿ ಮನೆಗೂ ಮೀಟರ್ ಹಾಕದೆ ಇದಕ್ಕೆ ಪರಿಹಾರವಿಲ್ಲ.

ಹಾಗೆಂದು ಶುಲ್ಕವೇ ಸುಲಿಗೆ ಎನ್ನುವುದು ಸರಿಯಲ್ಲ. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಜನರೇಟರ್‌ನ ಡೀಸೆಲ್, ಕಸ ವಿಲೇವಾರಿ, ಕಾವಲುಗಾರರ ಸಂಬಳ, ಯಾವುದೂ ಪುಕ್ಕಟೆ ಬರುವುದಿಲ್ಲ. ಮೇಲಾಗಿ, ಶುಲ್ಕ 7,500 ದಾಟಿ ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ.

ಕೊಡುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಸಮಿತಿಗಳು, ಅದರ ಪಕ್ಕದಲ್ಲೇ ತಿಂಗಳ ಖರ್ಚಿನ ಪಟ್ಟಿಯನ್ನೂ ಅಂಟಿಸಲಿ.