ಸಂಬಳಕ್ಕೆ 2 ದಿನ, ಬಿಲ್ಲಿಗೆ 45 ದಿನ

29 ಕೇಂದ್ರ ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕರನ್ನು ತೆಗೆಯಬಹುದಾದ ಸಂಸ್ಥೆಗಳ ಗಾತ್ರದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದ್ದರ ಸುತ್ತಲೇ ವಾದ ವಿವಾದ ನಡೆದಿದೆ. ಆದರೆ ಪೀಣ್ಯದಲ್ಲಿ ಇಪ್ಪತ್ತು, ಮೂವತ್ತು ಜನರನ್ನಿಟ್ಟುಕೊಂಡು ಜಾಬ್ ವರ್ಕ್ ಮಾಡುವ ಮಾಲೀಕನಿಗೆ ಹಳೆಯ ಮಿತಿಯೂ ತಾಗುತ್ತಿರಲಿಲ್ಲ, ಹೊಸದೂ ತಾಗುವುದಿಲ್ಲ. ಅವನಿಗೆ ತಾಗುವುದು ವೇತನ ಸಂಹಿತೆ.

ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಹಣವೂ ಈಗ ವೇತನವೇ. ತಿಂಗಳಿಗೆ 30,000 ರೂಪಾಯಿ ಕೊಟ್ಟು, ಮೂಲವೇತನ ಬರೀ 10,000 ಎಂದು ತೋರಿಸಿದವರು ಇನ್ನು ಮುಂದೆ ಗ್ರಾಚ್ಯುಟಿಯಂಥ ಬಾಬ್ತುಗಳನ್ನು 15,000ದ ಮೇಲೆ ಲೆಕ್ಕ ಹಾಕಬೇಕು. ಹತ್ತು ವರ್ಷ ದುಡಿದವನ ಗ್ರಾಚ್ಯುಟಿ ಇದರಿಂದ 57,692 ರೂಪಾಯಿಯಿಂದ 86,538ಕ್ಕೆ ಏರುತ್ತದೆ. ಈ ಬದಲಾವಣೆ ನ್ಯಾಯವಾದದ್ದು. ಭತ್ಯೆಯ ಹೆಸರಿನಲ್ಲಿ ಉಳಿಸಿ ಕಡಿಮೆ ದರ ನಮೂದಿಸುವವರೆದುರು, ನಿಯತ್ತಾಗಿ ಲೆಕ್ಕ ಇಟ್ಟ ಮಾಲೀಕ ಇಷ್ಟು ದಿನ ಟೆಂಡರುಗಳಲ್ಲಿ ಸೋಲುತ್ತಿದ್ದ.

ತಿಂಗಳ ಸಂಬಳ ಮರುತಿಂಗಳ 7ರೊಳಗೆ ಕೈಸೇರಬೇಕು. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ರಾಜೀನಾಮೆ ಕೊಟ್ಟವರಿಗೂ ಈಗ ಇದೇ ಗಡುವು. ಇದೂ ಸರಿಯೇ. ದುಡಿದವನನ್ನು ಬಾಕಿಗಾಗಿ ಅಲೆಸುವುದು ಯಾವ ಉದ್ದಿಮೆಗೂ ಶೋಭೆಯಲ್ಲ.

ಪ್ರಶ್ನೆ ಇರುವುದು ಆ ಹಣ ಎಲ್ಲಿಂದ ಬರಬೇಕು ಎಂಬಲ್ಲಿ. ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ದೂರು ಬಂದರೆ 90 ದಿನದಲ್ಲಿ ತೀರ್ಮಾನವಾಗಬೇಕೆಂಬ ಮಾತೂ ಅದರಲ್ಲೇ ಇದೆ. ಆದರೂ ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯದಲ್ಲಿ ಮಾಲೀಕ ಬಾಯಿ ಬಿಡುವುದಿಲ್ಲ. ಬಿಲ್ಲು ಬಾರದ ತಿಂಗಳಲ್ಲಿ ಅವನು ಸಂಬಳ ಕೊಡುವುದು ಓವರ್‌ಡ್ರಾಫ್ಟ್‌ನಿಂದ, ಇಲ್ಲವೇ ಕೈಸಾಲದಿಂದ. ಕಾರ್ಮಿಕನಿಗೆ ಕೊಡುವ ಗಡುವು ತಪ್ಪಿದರೆ ದಂಡ ಮಾಲೀಕನ ತಲೆಗೆ; ಅವನಿಗೆ ಬರಬೇಕಾದ್ದು ತಪ್ಪಿದರೆ ಕೇಳುವವರಿಲ್ಲ.

ಸಂಹಿತೆಗಳನ್ನು ಸಡಿಲಿಸಿ ಎಂದು ಉದ್ಯಮ ಕೇಳಬಾರದು. 45 ದಿನದ ಕಾನೂನಿಗೂ ಅಷ್ಟೇ ಬಿಗಿ ಬರಲಿ ಎಂದು ಕೇಳಬೇಕು. ಖರೀದಿದಾರರ ಬಾಕಿಯನ್ನು ಅಧಿಕಾರಿಗಳೇ ಪರಿಶೀಲಿಸಲಿ, ಮಾಲೀಕನ ದೂರಿಗೆ ಕಾಯುವುದು ಬೇಡ. ಹಳೆಯ ದರಕ್ಕೆ ಒಪ್ಪಿಕೊಂಡ ಗುತ್ತಿಗೆಗಳಲ್ಲಿ ಏರಿದ ವೇತನ ವೆಚ್ಚವನ್ನು ದೊಡ್ಡ ಕಂಪನಿಗಳು ಹಂಚಿಕೊಳ್ಳಲಿ. ಸರ್ಕಾರಿ ಇಲಾಖೆಗಳು, ನಿಗಮಗಳು ತಮ್ಮ ಬಾಕಿಯನ್ನು ಮೊದಲು ತೀರಿಸಲಿ. ಕಾನೂನು ಮಾಡಿದವರೇ ಗಡುವು ಮೀರಿದರೆ ಸಣ್ಣ ಮಾಲೀಕನಿಂದ ಶಿಸ್ತು ಬೇಡುವ ನೈತಿಕ ಹಕ್ಕು ಅವರಿಗೆ ಉಳಿಯುವುದಿಲ್ಲ.