ಕೊನೆಯ 15 ಕಿಲೋಮೀಟರ್

ನಮ್ಮ ಭಾಷೆಯಲ್ಲಿ ‘ಆರಂಭಶೂರತ್ವ’ ಎಂಬ ಮಾತಿದೆ. ಮೊದಲ ದಿನದ ಹುರುಪು ಕೊನೆಯ ದಿನದವರೆಗೆ ಉಳಿಯುವುದು ಕಷ್ಟ ಎಂಬುದನ್ನು ಹಿರಿಯರು ಈ ಒಂದೇ ಪದದಲ್ಲಿ ಹೇಳಿದ್ದಾರೆ. ಆದರೆ ಆ ಕೊನೆಯ ಹಂತ ನಿಜಕ್ಕೂ ಹೇಗಿರುತ್ತದೆ? ಇದನ್ನು ತಿಳಿಯಲು ಸಾವಿರಾರು ಕಿಲೋಮೀಟರ್ ಒಂಟಿಯಾಗಿ ಸೈಕಲ್ ತುಳಿದವರ ಕಥೆಗಳಿಗಿಂತ ಒಳ್ಳೆಯ ಪಾಠ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ನಾವು ನೆಲೆಸಿರುವ ಆಸ್ಟ್ರೇಲಿಯಾಕ್ಕೂ ಇಂಥ ಕಥೆಗಳಿಗೂ ಹಳೆಯ ನಂಟಿದೆ.

1899ರ ಜೂನ್ 5ರಂದು ಆರ್ಥರ್ ರಿಚರ್ಡ್‌ಸನ್ ಎಂಬ 27 ವರ್ಷದ ಯುವಕ ಪರ್ತ್‌ನಿಂದ ಸೈಕಲ್ ಏರಿ ಉತ್ತರ ದಿಕ್ಕಿಗೆ ಹೊರಟ. ಇಡೀ ಖಂಡವನ್ನು ಸುತ್ತಿ 1900ರ ಫೆಬ್ರವರಿ 4ರಂದು ಮತ್ತೆ ಪರ್ತ್ ಸೇರಿದ. ಸೈಕಲ್ಲಿನಲ್ಲಿ ಆಸ್ಟ್ರೇಲಿಯಾವನ್ನು ಸುತ್ತಿದವರಲ್ಲಿ ಆತನೇ ಮೊದಲಿಗ. ಊರು ಸೇರುವ ಮೊದಲು ಅವನಿಗೆ ಉಳಿದಿದ್ದುದು ನಲ್ಲಾರ್ಬರ್ ಎಂಬ ಮರಗಳಿಲ್ಲದ ಬಯಲು. ಇಂದು ಆ ಭಾಗದಲ್ಲಿ ಟಾರು ರಸ್ತೆ ಇದೆ. ಅದರಲ್ಲಿ ಸುಮಾರು 146 ಕಿ.ಮೀ. ಉದ್ದಕ್ಕೆ ಒಂದು ತಿರುವೂ ಇಲ್ಲ! ಅಲ್ಲಿ ಸೈಕಲ್ ತುಳಿಯುವವನಿಗೆ ಎಷ್ಟು ಸಾಗಿದರೂ ಮುಂದೆ ಕಾಣುವುದು ಅದೇ ನೆಲ, ಅದೇ ಆಕಾಶ. ಗುರಿ ಹತ್ತಿರವಾಗುತ್ತಿದೆ ಎಂದು ಕಣ್ಣು ಹೇಳುವುದಿಲ್ಲ; ಮನಸ್ಸೇ ಹೇಳಿಕೊಳ್ಳಬೇಕು.

ಇನ್ನೊಂದು ಕಥೆ ನಮ್ಮ ಕಾಲದ್ದು. 2018ರ ಜುಲೈನಲ್ಲಿ ಪುಣೆಯ ವೇದಾಂಗಿ ಕುಲಕರ್ಣಿ ಎಂಬ ತರುಣಿ ಸೈಕಲ್ಲಿನಲ್ಲಿ ಭೂಮಿ ಸುತ್ತಲು ಇದೇ ಪರ್ತ್‌ನಿಂದ ಹೊರಟಳು. ಹೆಚ್ಚಿನ ದಾರಿಯನ್ನು ಒಬ್ಬಳೇ ಕ್ರಮಿಸಿದಳು. ಕೆನಡಾದಲ್ಲಿ ಕರಡಿ ಬೆನ್ನಟ್ಟಿತು. ಸ್ಪೇನ್‌ನಲ್ಲಿ ಚಾಕು ತೋರಿಸಿ ದರೋಡೆ ಮಾಡಿದರು. ರಷ್ಯಾದ ಹಿಮದಲ್ಲಿ ರಾತ್ರಿಗಳನ್ನು ಒಂಟಿಯಾಗಿ ಕಳೆದಳು. 14 ದೇಶಗಳನ್ನು ದಾಟಿ, 159 ದಿನಗಳಲ್ಲಿ 29,000 ಕಿ.ಮೀ. ತುಳಿದು, ಡಿಸೆಂಬರ್ 23ರಂದು ಕೋಲ್ಕತ್ತಾ ಮುಟ್ಟಿದಳು. ಆಗ ಅವಳ ವಯಸ್ಸು 20.

ದೂರದ ಲೆಕ್ಕ ಮುಗಿದಿತ್ತು. ಆದರೆ ಭೂಮಿ ಸುತ್ತುವ ದಾಖಲೆಯ ನಿಯಮದಂತೆ ಹೊರಟ ಜಾಗದಲ್ಲೇ ಪಯಣ ಕೊನೆಗೊಳ್ಳಬೇಕು. ಅದಕ್ಕಾಗಿ ವಿಮಾನದಲ್ಲಿ ಪರ್ತ್‌ಗೆ ಹಿಂತಿರುಗಿ ಇನ್ನೂ 15 ಕಿ.ಮೀ. ತುಳಿಯುವುದು ಬಾಕಿಯಿತ್ತು. ಮಕ್ಕಳೇ, ಯೋಚಿಸಿ ನೋಡಿ. 29,000ದ ಮುಂದೆ 15 ಎಂದರೆ ಎಷ್ಟು? ನಮ್ಮಲ್ಲಿ ಅನೇಕರು ‘ಇಷ್ಟಾಯಿತಲ್ಲ, ಸಾಕು’ ಎನ್ನುತ್ತಿದ್ದೆವು. ಆದರೆ ಆ ಪುಟ್ಟ ದೂರವಿಲ್ಲದೆ ವೃತ್ತ ಕೂಡಿಕೊಳ್ಳುವುದಿಲ್ಲ.

ಕೊನೆಯ ಹಂತಕ್ಕೆ ಇನ್ನೊಂದು ಮುಖವೂ ಇದೆ. 2017ರ ಮಾರ್ಚ್‌ನಲ್ಲಿ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಿಂದ ಅಡಿಲೇಡ್, ಮೆಲ್ಬರ್ನ್ ಮಾರ್ಗವಾಗಿ ಸಿಡ್ನಿಗೆ ಸುಮಾರು ಐದೂವರೆ ಸಾವಿರ ಕಿ.ಮೀ.ಗಳ ಸೈಕಲ್ ಸ್ಪರ್ಧೆ ನಡೆಯಿತು. ಪ್ರತಿಯೊಬ್ಬರೂ ಹೊರಗಿನ ನೆರವಿಲ್ಲದೆ ಸಾಗಬೇಕಿತ್ತು. ಎರಡನೆಯ ಸ್ಥಾನದಲ್ಲಿದ್ದ ಬ್ರಿಟನ್ನಿನ ಮೈಕ್ ಹಾಲ್ ಬಹುಪಾಲು ದಾರಿಯನ್ನು ಮುಗಿಸಿದ್ದರು. ಮಾರ್ಚ್ 31ರಂದು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಕ್ಯಾನ್‌ಬೆರಾದ ಬಳಿ ಕಾರು ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು.

ಒಂಟಿ ಪಯಣ ಎಂದು ನಾವು ಕರೆದರೂ ಅದು ಪೂರ್ತಿ ಒಂಟಿಯಲ್ಲ ಎಂಬುದನ್ನು ಈ ಸಾವು ನೆನಪಿಸುತ್ತದೆ. ರಸ್ತೆಯಲ್ಲಿರುವ ಎಲ್ಲರೂ ಆ ಪಯಣದ ಪಾಲುದಾರರೇ. ಸೈಕಲ್ ಸವಾರರನ್ನು ದಾಟುವಾಗ ಗಂಟೆಗೆ 60 ಕಿ.ಮೀ. ವರೆಗಿನ ವೇಗಮಿತಿಯ ರಸ್ತೆಯಲ್ಲಿ ಕನಿಷ್ಠ 1 ಮೀಟರ್, ಅದಕ್ಕಿಂತ ಹೆಚ್ಚಿನ ವೇಗಮಿತಿ ಇದ್ದಲ್ಲಿ ಒಂದೂವರೆ ಮೀಟರ್ ಅಂತರ ಬಿಡಬೇಕು ಎಂಬ ನಿಯಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2014ರಿಂದ ಇದೆ. ನಾರ್ತ್ ಲೇಕ್ಸ್‌ನಲ್ಲಿ ಕಾರು ಓಡಿಸುವ ನಾವೆಲ್ಲ ಇದನ್ನು ಕೇವಲ ದಂಡದ ಭಯದಿಂದ ಪಾಲಿಸಿದರೆ ಸಾಲದು. ಆ ಸವಾರ ಎಷ್ಟು ದೂರದಿಂದ ಬಂದಿದ್ದಾನೋ, ಎಷ್ಟು ದಣಿದಿದ್ದಾನೋ ಯಾರಿಗೆ ಗೊತ್ತು?

ನಮ್ಮ ಊರಿನ ಕಡೆ ನೋಡಿ. ಶಿವರಾತ್ರಿಯ ಸಮಯದಲ್ಲಿ ಸಾವಿರಾರು ಜನ ಚಾರ್ಮಾಡಿ ಘಾಟಿ ಇಳಿದು ಕಾಲ್ನಡಿಗೆಯಲ್ಲಿ ಧರ್ಮಸ್ಥಳಕ್ಕೆ ಬರುತ್ತಾರೆ. ದಾರಿಯ ಬದಿಯವರು ಅವರಿಗೆ ಮಜ್ಜಿಗೆ, ಪಾನಕ, ಹಣ್ಣು ಕೊಡುತ್ತಾರೆ. ಯಾರೂ ಅವರನ್ನು ಹೊತ್ತುಕೊಂಡು ಹೋಗುವುದಿಲ್ಲ. ನಡೆಯುವುದು ಅವರೇ. ಆದರೆ ಕಾಲು ಸೋತ ಹೊತ್ತಿನಲ್ಲಿ ಆ ಒಂದು ಲೋಟ ಮಜ್ಜಿಗೆಯ ಬೆಲೆ ಎಷ್ಟೆಂದು ನಡೆದವರಿಗೇ ಗೊತ್ತು.

ಪೋಷಕರಿಗೆ ನಾವು ಹೇಳಬೇಕಾದ ಮಾತೂ ಇದೇ. ಕನ್ನಡ ತರಗತಿಗೆ ಮಗು ಸೇರಿದ ದಿನ ಹೊಸ ಚೀಲ, ಹೊಸ ಪುಸ್ತಕ, ಫೋಟೋ ಎಲ್ಲವೂ ಇರುತ್ತವೆ. ಅಜ್ಜ ಅಜ್ಜಿಗೆ ಫೋನೂ ಹೋಗುತ್ತದೆ. ಮಗು ವರ್ಣಮಾಲೆ ದಾಟಿ, ಕಾಗುಣಿತ ದಾಟಿ, ಒತ್ತಕ್ಷರಕ್ಕೆ ಬರುತ್ತದೆ. ಇನ್ನು ಸ್ವಲ್ಪ ದಿನ ತಾಳಿದರೆ ತಾನೇ ಒಂದು ಕಥೆ ಓದಬಲ್ಲದು. ಸರಿಯಾಗಿ ಆ ಹೊತ್ತಿಗೇ ಈಜು, ಟ್ಯೂಷನ್, ಕ್ರಿಕೆಟ್ ಅಡ್ಡ ಬಂದು ಕನ್ನಡ ನಿಂತುಹೋಗುತ್ತದೆ. ಕೋಲ್ಕತ್ತಾದವರೆಗೆ ಬಂದು ಪರ್ತ್‌ನ 15 ಕಿ.ಮೀ. ಬಿಟ್ಟಂತೆ ಅಲ್ಲವೇ ಇದು? ಮೊದಲ ದಿನಕ್ಕಿಂತ ಹೆಚ್ಚಾಗಿ ಈ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ನೀವು ಕುಳಿತುಕೊಳ್ಳಬೇಕು. ವಾರಕ್ಕೆ ಅರ್ಧ ಗಂಟೆ ಜೊತೆಯಲ್ಲಿ ಓದಿದರೂ ಅದು ಆ ಒಂದು ಲೋಟ ಮಜ್ಜಿಗೆಯಂತೆ.

ಹಾಗೆಂದು ಏನೇ ಆದರೂ ನಿಲ್ಲಲೇಬಾರದು ಎಂದು ನಾವು ಹೇಳುತ್ತಿಲ್ಲ. ದೇಹಕ್ಕೆ ಆಗದಾಗ, ಅಪಾಯ ಎದುರಾದಾಗ ಸೈಕಲ್ ಇಳಿಯುವುದು ಸೋಲಲ್ಲ, ವಿವೇಕ. ನಾವು ಎಚ್ಚರಿಸುತ್ತಿರುವುದು ‘ಇಷ್ಟು ಸಾಕು’ ಎಂಬ ಬೇಸರದ ಬಗ್ಗೆ ಮಾತ್ರ.

ಮಕ್ಕಳೇ, ನಿಮ್ಮ ಕೈಯಲ್ಲಿರುವ ಕೆಲಸ ಸಂಗೀತವಿರಲಿ, ಗಣಿತವಿರಲಿ, ಕನ್ನಡವಿರಲಿ, ಮುಗಿಯುವ ಹೊತ್ತಿಗೆ ಅದು ಬೇಸರ ತರಿಸಿದರೆ ಹೆದರಬೇಡಿ. ಅದು ನಿಮ್ಮ ನಲ್ಲಾರ್ಬರ್ ಎಂದು ತಿಳಿಯಿರಿ. ಅದರ ಆಚೆಗೇ ಪರ್ತ್ ಇದೆ.