ಮರಿ ಪುಕ್ಕಟೆ, ಮನೆ ಪುಕ್ಕಟೆಯಲ್ಲ

ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂದು ನಮ್ಮ ಸೇಡಂ ಕಡೆ ಹಿರಿಯರು ಹೇಳುವುದುಂಟು. ಅಷ್ಟು ಚಿನ್ನ ಯಾರ ಹತ್ತಿರವೂ ಇಲ್ಲವಾದ್ದರಿಂದ ನಮ್ಮ ಜನ ಬೆಕ್ಕನ್ನು ಕೊಲ್ಲುವುದಿಲ್ಲ. ಮರಿಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಕಾಗಿಣಾ ಹೊಳೆಯ ಆಚೆ ಬಿಟ್ಟು ಬರುತ್ತಾರೆ. ಹೈದರಾಬಾದಿನಲ್ಲಿ ಆ ಕೆಲಸಕ್ಕೆ ರಾಮನಗರದ ಮೀನಿನ ಮಾರ್ಕೆಟ್ ಇದೆ, ಸಿಕಂದರಾಬಾದಿನ ಮೋಂಡಾ ಮಾರ್ಕೆಟ್ ಇದೆ. "ಅಲ್ಲಿ ಮೀನಿನ ತಲಿ ಬಾಲ ಬೇಕಾದಷ್ಟು ಬಿದ್ದಿರ್ತಾವ, ತಿಂದು ಬದುಕ್ತಾವ್ ಬಿಡೋ" ಎಂದು ಸಮಾಧಾನ ಬೇರೆ. ಆರು ವಾರದ ಮರಿಗೆ ಅಲ್ಲಿಯ ದೊಡ್ಡ ಗಡವಗಳೂ ನಾಯಿಗಳೂ ಆ ತಲೆ ಬಾಲ ಬಿಟ್ಟುಕೊಡುತ್ತವೆಯೇ ಎಂದು ಯಾರೂ ನಿಂತು ನೋಡುವುದಿಲ್ಲ. ನೋಡಿದರೆ ಬಿಟ್ಟು ಬರಲಿಕ್ಕೆ ಆಗುವುದಿಲ್ಲವಲ್ಲ!

ಹೀಗೆ ಬಿಟ್ಟು ಬರುವ ಪಾಪಕ್ಕೆ ಹಿರಿಯರು ದರ ಹೇಳಿಲ್ಲ. ಸರಕಾರ ಹೇಳಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟು ಹೋಗುವುದು ಅಪರಾಧ. ಮೊದಲನೆಯ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ 50 ರೂಪಾಯಿಯವರೆಗೆ. ಹತ್ತು ರೂಪಾಯಿಗೆ ಈ ಊರಿನಲ್ಲಿ ಈಗ ಒಂದು ಇರಾನಿ ಚಹಾ ಸಹ ಬರುವುದಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ಹೇಳಿಬಿಡುತ್ತೇನೆ: ಮೀನಿನ ಮಾರ್ಕೆಟ್ಟಿಗೆ ಹೋಗುವ ಆಟೋ ಖರ್ಚು ಈ ದಂಡಕ್ಕಿಂತ ಹೆಚ್ಚು.

ಈ ವಿಷಯ ನಮ್ಮ ಪತ್ರಿಕೆಗೆ ಯಾಕೆ ಬಂತೆಂದರೆ, ನಮ್ಮ ಹಾಸ್ಟೆಲಿನ ಸೈಕಲ್ ಸ್ಟ್ಯಾಂಡಿನ ಹಿಂದೆ ಒಂದು ಬೂದು ಬೆಕ್ಕು ನಾಲ್ಕು ಮರಿ ಹಾಕಿತ್ತು. ಹಾಸ್ಟೆಲಿನವರು "ತಿಂಗಳೊಳಗೆ ಖಾಲಿ ಮಾಡಿಸಿ, ಇಲ್ಲವೆಂದರೆ ನಾವೇ ಮಾಡಿಸುತ್ತೇವೆ" ಎಂದರು. ಖಾಲಿ ಮಾಡಿಸುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಸಂಘದ ಸಭೆಯಲ್ಲಿ ಈ ಮಾತೆತ್ತಿದಾಗ ಒಬ್ಬ ಹಿರಿಯ ಮಿತ್ರರು, "ದೇಶದಲ್ಲಿ ಮನುಷ್ಯರಿಗೇ ಮನೆ ಇಲ್ಲ, ನೀವು ಬೆಕ್ಕಿಗೆ ಮನೆ ಹುಡುಕುತ್ತೀರಾ?" ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಅವರು ಮನುಷ್ಯರಿಗೆ ಮನೆ ಹುಡುಕುತ್ತಿದ್ದ ಕಾಲದಲ್ಲಿ ನಾವು ನಡುವೆ ಬಂದು ಕೆಲಸ ಕೆಡಿಸಿದ್ದೇನೂ ಅಲ್ಲ. ಬೆಕ್ಕು ನಮ್ಮ ಮೆಸ್ಸಿನ ಅನ್ನ ತಿಂದು, ನಮ್ಮ ಇಲಿ ಹಿಡಿದು, ನಮ್ಮ ಗೋಡೆಯ ಮರೆಯಲ್ಲಿ ಮರಿ ಹಾಕಿದೆ. ಲೆಕ್ಕ ನಮ್ಮ ಖಾತೆಗೇ ಬರುತ್ತದೆ.

ಈಗ ದುಡ್ಡಿನ ಮಾತು. ನಮ್ಮಲ್ಲಿ ಕೂಡಿದ ಹಣ 2,300 ರೂಪಾಯಿ. ಇದನ್ನು ಎಲ್ಲಿ ಹಾಕಬೇಕೆಂಬುದೇ ದೊಡ್ಡ ಜಗಳ. ಹೆಚ್ಚಿನವರು ಮರಿಗಳಿಗೆ ಬುಟ್ಟಿ, ಹಾಲು, ಕೊರಳಿಗೆ ಗೆಜ್ಜೆ ಎಂದರು. ನನ್ನ ಅಭಿಪ್ರಾಯ ಬೇರೆ, ಅದನ್ನು ಹೇಳಲೆಂದೇ ಈ ಲೇಖನ. ಮೊದಲ ರೂಪಾಯಿ ತಾಯಿಗೆ ಹೋಗಬೇಕು. ಬೆಕ್ಕಿನ ಬಸಿರು ಸುಮಾರು ಒಂಬತ್ತು ವಾರ. ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ಅದು ಮತ್ತೆ ಬಸಿರಾಗಬಲ್ಲದು. ಅದರ ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬಸಿರಾಗಬಹುದು. ಇದು ಸರಳಬಡ್ಡಿ ಅಲ್ಲ ಮಿತ್ರರೇ, ಚಕ್ರಬಡ್ಡಿ. ಈ ಸಲ ನಾಲ್ಕು ಮರಿಗೆ ಮನೆ ಹುಡುಕಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದೇ ಸೈಕಲ್ ಸ್ಟ್ಯಾಂಡಿನಲ್ಲಿ ಇನ್ನು ನಾಲ್ಕು. ಅಸಲು ತೀರಿಸದೆ ಎಷ್ಟು ದಿನ ಬಡ್ಡಿ ಕಟ್ಟುವುದು?

ಮರಿಗಳು ಮೊಲೆ ಬಿಟ್ಟ ಮೇಲೆ ತಾಯಿಗೆ ಆಪರೇಶನ್ ಮಾಡಿಸಿದೆವು. ಪ್ರಾಣಿಗಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯ ರಿಯಾಯಿತಿ ದರದಲ್ಲಿ 1,500 ರೂಪಾಯಿ ಆಯಿತು. ಮರಿಗಳಿಗೆ ಜಂತುಹುಳದ ಔಷಧ 90. ಆಟೋಕ್ಕೆ 240. ಉಳಿದ 470ರಲ್ಲಿ ಎರಡು ವಾರದ ಮೀನು, ಮೊಟ್ಟೆ. ಬುಟ್ಟಿಯ ಬದಲು ಹಣ್ಣಿನ ಅಂಗಡಿಯವರ ರಟ್ಟಿನ ಡಬ್ಬಿ, ಪುಕ್ಕಟೆ. ಗೆಜ್ಜೆ ರದ್ದು. ತಾಯಿಬೆಕ್ಕು ಈಗ ಎಡಗಿವಿಯ ತುದಿ ಕತ್ತರಿಸಿಕೊಂಡು ತನ್ನ ಜಾಗಕ್ಕೇ ವಾಪಸು ಬಂದಿದೆ. ಆಪರೇಶನ್ ಆಗಿದೆಯೆಂದು ದೂರದಿಂದಲೇ ಗುರುತು ಸಿಗಲೆಂದು ಹಾಗೆ ಕತ್ತರಿಸುತ್ತಾರೆ. "ಅದನ್ನೂ ಬೇರೆಲ್ಲಾದರೂ ಬಿಡಿ" ಎಂದವರಿಗೆ ನನ್ನ ಉತ್ತರ: ಮೆಸ್ಸಿನ ಎಂಜಲು ಇರುವ ತನಕ ಅದರ ಜಾಗಕ್ಕೆ ಇನ್ನೊಂದು ಬೆಕ್ಕು ಬಂದೇ ಬರುತ್ತದೆ, ಮತ್ತು ಅದು ಮರಿ ಹಾಕುವ ಬೆಕ್ಕಾಗಿರುತ್ತದೆ.

ಸರಕಾರ ಏನು ಮಾಡುತ್ತದೆ ಎಂದು ಕೇಳಬಹುದು. 2001ರಲ್ಲಿ ಕೇಂದ್ರ ಸರಕಾರ ಮಾಡಿದ ಸಂತಾನ ನಿಯಂತ್ರಣ ನಿಯಮಗಳ ಹೆಸರಿನಲ್ಲೇ ನಾಯಿ ಎಂದಿತ್ತು. ನಾಯಿ ಕಚ್ಚುತ್ತದೆ, ಸುದ್ದಿಯಾಗುತ್ತದೆ. ಬೆಕ್ಕು ಸದ್ದಿಲ್ಲದೆ ಸಾಯುತ್ತದೆ. ಆದರೂ ಈ ಊರಿನಲ್ಲಿ ಅನುಕೂಲ ಇಲ್ಲವೆನ್ನುವ ಹಾಗಿಲ್ಲ. ನಾರಾಯಣಗುಡದಲ್ಲಿ ಸರಕಾರಿ ಪಶು ಆಸ್ಪತ್ರೆ ಇದೆ. ರಾಜೇಂದ್ರನಗರದಲ್ಲಿ ಪಿ.ವಿ. ನರಸಿಂಹರಾಯರ ಹೆಸರಿನ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ನಟಿ ಅಮಲಾ ಅವರು 1992ರಲ್ಲಿ ಕಟ್ಟಿದ ಬ್ಲೂ ಕ್ರಾಸ್ ಜುಬಿಲಿ ಹಿಲ್ಸಿನಲ್ಲಿದೆ. "ಹಾಗಾದರೆ ಮರಿಗಳನ್ನು ಯಾವುದಾದರೂ ಆಶ್ರಯಧಾಮಕ್ಕೆ ಕೊಟ್ಟುಬಿಟ್ಟರೆ ಮುಗೀತಲ್ಲ" ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಆಶ್ರಯಧಾಮ ಇರುವುದು ಕಾಲು ಮುರಿದದ್ದಕ್ಕೆ, ರೋಗ ಬಿದ್ದದ್ದಕ್ಕೆ. ರೋಗದ ಪ್ರಾಣಿಗಳು ಬರುವ ಜಾಗಕ್ಕೆ ಲಸಿಕೆಯಿಲ್ಲದ ಹಸುಮರಿಯನ್ನು ಒಯ್ದು ಬಿಡುವುದು ಅದಕ್ಕೆ ಮಾಡುವ ಉಪಕಾರವಲ್ಲ. ಬೆಕ್ಕುಗಳಿಗೆ ಬರುವ ವಾಂತಿಭೇದಿಯ ಒಂದು ವೈರಸ್ ರೋಗ ಎರಡು ಮೂರು ದಿನದಲ್ಲಿ ಇಡೀ ಸೂಲನ್ನೇ ಒಯ್ಯುತ್ತದೆ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ತಿರುಗಿಸುವುದು ನಿಜ, ಆದರೆ ಶಾಸ್ತ್ರಕ್ಕಲ್ಲ, ಹೆದರಿಕೆಗೆ. ನಾವು ಹತ್ತು ಸಲ ಇಣುಕಿದರೆ ಅದು ಹನ್ನೊಂದನೆಯ ಸಲ ಜಾಗ ಬದಲಿಸುತ್ತದೆ. ಒಂಟಿ ಮರಿ ಕಂಡ ಕೂಡಲೇ "ಅಯ್ಯೋ ತಬ್ಬಲಿ" ಎಂದು ಎತ್ತಿಕೊಂಡು ಬರುವವರೂ ಇದ್ದಾರೆ. ತಾಯಿ ಬೇಟೆಗೆ ಹೋಗಿರುತ್ತದೆ, ಅಥವಾ ಒಂದೊಂದೇ ಮರಿ ಸಾಗಿಸುತ್ತಿರುತ್ತದೆ. ದೂರ ನಿಂತು ಕೆಲವು ಗಂಟೆ ಕಾಯಬೇಕು. ಮೂರು ವಾರದೊಳಗಿನ ಮರಿ ತಾಯಿ ನೆಕ್ಕದಿದ್ದರೆ ಉಚ್ಚೆ ಸಹ ಮಾಡಲಾರದು. ಅದನ್ನು ಹಾಸ್ಟೆಲಿನ ಹುಡುಗರು ಪರೀಕ್ಷೆಗೆ ಓದುತ್ತ ಬೆಳೆಸುತ್ತೇವೆಂದರೆ ನಂಬುವ ಮಾತಲ್ಲ. ಎಂಟು ವಾರ ತಾಯಿಯ ಜೊತೆ ಇರಲಿ, ಅಲ್ಲಿಯ ತನಕ ಯಾರಿಗೂ ಕೊಡಬೇಡಿ. ನಾವು ಹಾಸ್ಟೆಲಿನವರಿಂದ ಬೇಡಿ ಪಡೆದದ್ದು ಈ ಗಡುವನ್ನೇ. ಆಕಳ ಹಾಲನ್ನಂತೂ ಹಾಕಬೇಡಿ, ಮರಿಗಳಿಗೆ ಭೇದಿಯಾಗುತ್ತದೆ. ತೆನಾಲಿ ರಾಮಕೃಷ್ಣ ಬಿಸಿಹಾಲು ಇಟ್ಟು ಬೆದರಿಸಿದ ಬೆಕ್ಕಿನ ಕಥೆಗೆ ನಾವೆಲ್ಲ ನಕ್ಕಿದ್ದೇವೆ. ನೋಡಿದರೆ ಊರಿನಲ್ಲೆಲ್ಲ ಹೊಟ್ಟೆ ನೆಟ್ಟಗಿದ್ದ ಬೆಕ್ಕು ಅದೊಂದೇ ಇರಬೇಕು.

ಇನ್ನು ಮನೆ. ನೋಟೀಸು ಬೋರ್ಡಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದು ಹಚ್ಚಿದೆವು. ಫೋನಿನಲ್ಲಿ ಫೋಟೋ ನೋಡಿ ಮುದ್ದು ಮಾಡಿದವರು ನೂರಾರು, ಬಂದು ನೋಡಿದವರು ಒಂಬತ್ತು ಮಂದಿ. ಒಂಬತ್ತರಲ್ಲಿ ಎಂಟು ಜನ ಮೊದಲು ಕೇಳಿದ್ದು, "ಗಂಡಾ ಹೆಣ್ಣಾ?" ನಾಲ್ಕರಲ್ಲಿ ಎರಡು ಗಂಡು. ಅವುಗಳಿಗೆ ಸರತಿ ಹತ್ತಿತು. ಹೆಣ್ಣುಗಳಲ್ಲಿ ಒಂದಕ್ಕೆ ಬಿಳಿ, ಕಪ್ಪು, ಕೇಸರಿ ಮೂರು ಬಣ್ಣ. ಎಲ್ಲರ ಕಣ್ಣೂ ಮೊದಲು ಅದರ ಮೇಲೆಯೇ. ಹೆಣ್ಣೆಂದು ತಿಳಿದ ಕೂಡಲೇ ಕೈ ಹಿಂದೆ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ, ಆ ಬಣ್ಣ ಬರುವ ರೀತಿಯೇ ಹಾಗೆ. ಒಬ್ಬ ತಾಯಿ ನನ್ನ ಮುಂದೆಯೇ ಮಗಳಿಗೆ, "ಬ್ಯಾಡ ಬಾರವ್ವ, ಹೆಣ್ಣು ಅಂದ್ರ ನಾಳೆ ತಲಿನೋವು" ಎಂದರು. ಮಗಳು ಡಿಗ್ರಿ ಎರಡನೆಯ ವರ್ಷ. ಅವಳ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಆಪರೇಶನ್ ಮಾಡಿಸಿದರೆ ಹೆಣ್ಣಿನ ತಲೆನೋವೂ ಇಲ್ಲ, ಮಾಡಿಸದಿದ್ದರೆ ಗಂಡಿನ ಓಡಾಟ, ಜಗಳ, ಗೋಡೆಗೆ ಮೂತ್ರದ ವಾಸನೆ ಯಾವ ತಲೆನೋವಿಗೂ ಕಡಿಮೆಯಿಲ್ಲ.

ನಮ್ಮವರಿಗೆ ಕೊಡುವಾಗ ಪ್ರಶ್ನೆ ಕೇಳುವುದು ಅಸಭ್ಯವೆಂದು ಅನಿಸುತ್ತದೆ. "ಪುಕ್ಕಟೆ ಕೊಡುವ ಮರಿಗೆ ಇಷ್ಟು ವಿಚಾರಣೆಯೇ?" ಎಂದು ಒಬ್ಬರು ಸಿಟ್ಟಾಗಿಯೇ ಹೋದರು. ಹೋಗಲಿ. ಪುಕ್ಕಟೆ ಎಂದ ಮೇಲೇ ವಿಚಾರಣೆ ಬೇಕು, ಹಣ ಕೊಟ್ಟವನು ಹಣದ ಮುಖ ನೋಡಿಯಾದರೂ ಜೋಪಾನ ಮಾಡುತ್ತಾನೆ. ನಾವು ಕೇಳಿದ್ದು ಹೆಚ್ಚೇನಲ್ಲ. ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ. ಮೇ ತಿಂಗಳಲ್ಲಿ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು. ಇದು ನಮ್ಮ ಹೈದರಾಬಾದ್ ಕನ್ನಡಿಗರಿಗೆ ಬಹಳ ಮುಖ್ಯ, ಶಾಲೆಗೆ ರಜೆ ಸಿಕ್ಕ ಮರುದಿನವೇ ಕಾಚಿಗುಡ ಸ್ಟೇಶನ್ನಿನಲ್ಲಿ ನಮ್ಮ ಅರ್ಧ ಬಳಗ ಸಿಗುತ್ತದೆ. ಕಿಟಕಿ, ಬಾಲ್ಕನಿಗೆ ಜಾಳಿಗೆ ಇದೆಯೇ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎನ್ನುವವರು ಹದಿನಾಲ್ಕನೆಯ ಅಂತಸ್ತಿನಲ್ಲಿ ಇರುವುದನ್ನು ನಾನು ಕಂಡಿದ್ದೇನೆ; ಪಾರಿವಾಳದ ಮೇಲೆ ಹಾರಿದ ಮರಿ ಕಾಲ ಮೇಲೆ ಬಿದ್ದರೂ ದವಡೆ ಎದೆ ಒಡೆದುಕೊಳ್ಳುತ್ತದೆ. ಮತ್ತೆ, ಮೊದಲ ವಾರದಲ್ಲಿ ಲಸಿಕೆ ನೀವೇ ಹಾಕಿಸಿ ಚೀಟಿ ತೋರಿಸುತ್ತೀರಾ, ಐದಾರು ತಿಂಗಳಿಗೆ ಆಪರೇಶನ್ ಮಾಡಿಸುತ್ತೀರಾ. ಮಗಳನ್ನು ಕೊಡುವಾಗ ಇದರ ಅರ್ಧ ಕೇಳಿದರೂ ಎಷ್ಟೋ ಮನೆಗಳು ಸುಖವಾಗಿರುತ್ತಿದ್ದವು. ಅದು ಬೇರೆ ಲೇಖನ.

ಸಸ್ಯಾಹಾರಿ ಮನೆಗಳ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮ ಸಂಘದಲ್ಲಿ ಅಂಥವರೇ ಹೆಚ್ಚು, ನಾನೂ ಅಂಥ ಮನೆಯವನೇ. ಊರಲ್ಲಿ ನಮ್ಮ ಆಯಿ ಸಾಕಿದ ಬೆಕ್ಕು ಮೊಸರನ್ನ ತಿಂದೇ ಹನ್ನೆರಡು ವರ್ಷ ಬದುಕಿತೆಂದು ಹೇಳುವುದುಂಟು. ಅದು ಮೊಸರನ್ನ ತಿಂದು ಬದುಕಲಿಲ್ಲ, ಕಾಳಿನ ಕೋಣೆಯ ಇಲಿ ತಿಂದು ಬದುಕಿತು, ಆಯಿಗೆ ಕಾಣದ ಹಾಗೆ. ನಾಲ್ಕನೆಯ ಅಂತಸ್ತಿನ ಫ್ಲಾಟಿನಲ್ಲಿ ಇಲಿ ಎಲ್ಲಿಂದ ಬರಬೇಕು? ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ಹಾಗೆಂದು ಸಸ್ಯಾಹಾರಿಗಳಿಗೆ ಕೊಡಲೇಬಾರದೆಂಬ ಒಬ್ಬರ ವಾದವೂ ನನಗೆ ಹಿಡಿಸಲಿಲ್ಲ. ಬೆಕ್ಕಿನ ಒಣ ಆಹಾರದ ಪ್ಯಾಕೆಟ್ ಬರುತ್ತದೆ, ಅದರಲ್ಲಿ ಈ ಅಂಶ ಸೇರಿಸಿರುತ್ತಾರೆ. ಡಬ್ಬಿಯಲ್ಲಿಟ್ಟು ಚಮಚದಿಂದ ಹಾಕಿದರೆ ಯಾರ ಮಡಿಗೂ ಧಕ್ಕೆಯಿಲ್ಲ. ಅಷ್ಟು ಒಪ್ಪುವ ಮನೆಗೆ ಕೊಡಬಹುದು, ಒಪ್ಪದ ಮನೆಯವರು ಗಿಳಿ ಸಾಕುವುದೂ ಬೇಡ (ದೇಶದ ಗಿಳಿ ಸಾಕುವುದಕ್ಕೆ ಕಾನೂನಿನ ಅಡ್ಡಿ ಇದೆ), ತುಳಸಿ ಬೆಳೆಸಲಿ. ಇನ್ನೊಂದು ಮಾತು, ಬೆಕ್ಕಿಗೆ ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅರ್ಧ ಗುಳಿಗೆ ಹಾಕಿ ಕೊಂದವರಿದ್ದಾರೆ. ಅದು ಬೆಕ್ಕಿಗೆ ವಿಷ.

ಒಂದು ಗಂಡುಮರಿಯನ್ನು ಚಾರ್ಮಿನಾರ್ ಹತ್ತಿರದ ಒಬ್ಬ ದರ್ಜಿಯವರಿಗೆ ಕೊಡುವಾಗ ಸಂಘದಲ್ಲಿ ಗುಸುಗುಸು ನಡೆಯಿತು. "ಹಳೇಪಟ್ಟಣದಾಗ ಯಾಕ ಕೊಡ್ತಿ? ನಮ್ಮವರು ಯಾರೂ ಸಿಗಲಿಲ್ಲೇನು?" ನಮ್ಮವರಲ್ಲಿ ಹುಡುಕಿದೆನಪ್ಪಾ, ಸಿಕ್ಕಿದ್ದು ಮೇ ತಿಂಗಳಿಗೆ ಉತ್ತರವಿಲ್ಲದವರು. ಈ ದರ್ಜಿಯವರ ಮನೆ ಒಂದೂವರೆ ಕೋಣೆ, ತಗಡಿನ ಮಾಡು. ಆದರೆ ನಾನು ಪ್ರಶ್ನೆ ಕೇಳುವ ಮೊದಲೇ ಅವರು ಕೇಳಿದರು: ಏನು ತಿನ್ನುತ್ತದೆ, ಔಷಧ ಯಾವತ್ತು ಕೊಟ್ಟಿರಿ, ಇದರ ಜೊತೆಯ ಮರಿ ಇನ್ನೊಂದು ಇದ್ದರೆ ಕೊಡಿ, ಒಂಟಿಯಾದರೆ ಬೇಸರಪಡುತ್ತದೆ. ಪ್ರವಾದಿಯವರ ಅನುಚರರೊಬ್ಬರಿಗೆ ಅಬೂ ಹುರೈರಾ ಎಂಬ ಹೆಸರು ಬಂದದ್ದೇ ಬೆಕ್ಕಿನ ಮರಿಯಿಂದ, ಮರಿಯ ತಂದೆ ಎಂದು ಅದರ ಅರ್ಥವೆಂಬುದನ್ನೂ ಅವರೇ ಹೇಳಿದರು. ಗಂಡುಮರಿಯ ಜೊತೆ ಮೂರು ಬಣ್ಣವಿಲ್ಲದ ಹೆಣ್ಣುಮರಿಯೂ ಅಲ್ಲಿಗೇ ಹೋಯಿತು. ಹತ್ತನೆಯ ದಿನ ಎರಡರ ಲಸಿಕೆಯ ಚೀಟಿಯೂ ಬಂತು. ಆಪರೇಶನ್ನಿಗೆ ಒಂದೇ ಸಲ ಅಷ್ಟು ಹಣ ಕಷ್ಟ ಎಂದರು, ಅದನ್ನು ನಾವು ಈಗಿನಿಂದಲೇ ತಿಂಗಳಿಗೆ ತಲಾ ಇಪ್ಪತ್ತು ರೂಪಾಯಿ ಕೂಡಿಸುತ್ತಿದ್ದೇವೆ. ಸುರಕ್ಷಿತ ಮನೆಯೆಂದರೆ ದೊಡ್ಡ ಮನೆಯೆಂದು ತಿಳಿದವರು ಆ ಗಲ್ಲಿಗೆ ಒಮ್ಮೆ ಹೋಗಿ ಬರಲಿ, ವಿಳಾಸ ನಾನು ಕೊಡುವುದಿಲ್ಲ, ಜೊತೆಗೆ ಬೇಕಾದರೆ ಬರುತ್ತೇನೆ.

ಇನ್ನೊಂದು ಗಂಡು ಬರ್ಕತ್‌ಪುರದ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿದೆ. ಅದರ ಬಗ್ಗೆ ಬರೆಯುವುದೇನಿಲ್ಲ, ಚೆನ್ನಾಗಿದೆ, ದಪ್ಪಗಾಗಿದೆ.

ಹಾಸ್ಟೆಲಿನ ಗೆಳೆಯರಿಗೆ ಒಂದು ಕಠಿಣ ಮಾತು. ನಾವು ಯಾರೂ ಮರಿ ಇಟ್ಟುಕೊಳ್ಳುವುದು ಬೇಡ. ಪ್ರೀತಿ ಇಲ್ಲವೆಂದಲ್ಲ. ಕೊನೆಯ ವರ್ಷ ಮುಗಿದ ಮೇಲೆ ನಮ್ಮ ಟ್ರಂಕು ಎಲ್ಲಿಗೆ ಹೋಗುತ್ತದೋ ನಮಗೇ ಗೊತ್ತಿಲ್ಲ, ಬೆಕ್ಕು ಹದಿನೈದು ವರ್ಷ ಬದುಕುವ ಪ್ರಾಣಿ. ಕಳೆದ ವರ್ಷ ಮಹಡಿಯ ಕೋಣೆಯವರು ಸಾಕಿದ್ದ ಬೆಕ್ಕು, ಅವರು ಖಾಲಿ ಮಾಡಿ ಹೋದ ಮೇಲೆ ಎರಡು ವಾರ ಅದೇ ಬಾಗಿಲ ಮುಂದೆ ಕೂತಿತ್ತು. ಆಮೇಲೆ ಕಾಣಲಿಲ್ಲ.

ಮೂರು ಬಣ್ಣದ್ದು ಇನ್ನೂ ಇದೆ. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಅದಕ್ಕೆ ಹನ್ನೊಂದು ವಾರ. ಮರಳಿನ ಡಬ್ಬಿ ಉಪಯೋಗಿಸುವುದು ಕಲಿತಿದೆ, ಜಂತುಹುಳದ ಔಷಧ ಎರಡು ಸಲ ಆಗಿದೆ, ಲಸಿಕೆ ಆಗಬೇಕು. ಹಾಸ್ಟೆಲಿನವರು ಕೊಟ್ಟ ಗಡುವು ಮುಗಿದಿದ್ದು, ಸದ್ಯಕ್ಕೆ ಮೆಸ್ಸಿನ ಅಡಿಗೆಯವರ ಕೋಣೆಯಲ್ಲಿದೆ. ಅವರು ಮುಂದಿನ ತಿಂಗಳು ಮದುವೆಗೆಂದು ಬೀದರಕ್ಕೆ ಹೋಗುತ್ತಾರೆ. ನೋಡಬೇಕೆಂದವರು ಗುರುವಾರ ನಾಲ್ಕು ಗಂಟೆಯ ಮೇಲೆ ಸಂಘದ ಕೋಣೆಗೆ ಬನ್ನಿ. ಬರುವಾಗ ಮನೆ ಮಾಲೀಕರನ್ನೂ ಅಮ್ಮನನ್ನೂ ಕೇಳಿಕೊಂಡೇ ಬನ್ನಿ. ಹೆಣ್ಣು.